ಅರವಟಿಗೆ ಇಡುವುದು ಹೇಗೆ, ಮಳೆ ಬೀಳುವ ತನಕ ನಡೆಸುವುದು ಹೇಗೆ

ಯುಗಾದಿ ಹತ್ತಿರ ಬಂತೆಂದರೆ ರಾಯಚೂರು, ಕೊಪ್ಪಳ, ಬಳ್ಳಾರಿಯ ಬಸ್‌ಸ್ಟ್ಯಾಂಡು, ಸರ್ಕಲ್ಲುಗಳಲ್ಲಿ ಅರವಟಿಗೆಗಳು ಏಳುತ್ತವೆ. ನೆರಳಿಗೆ ಹಸಿರು ಬಲೆ, ಬಟ್ಟೆ ಸುತ್ತಿದ ನಾಲ್ಕು ಮಡಕೆ, ಮೇಲೊಂದು ಬ್ಯಾನರು, ಉದ್ಘಾಟನೆಯ ಫೋಟೊ. ಏಪ್ರಿಲ್ ನಡುವಿಗೆ ಹೋಗಿ ಮುಚ್ಚಳ ಎತ್ತಿದರೆ ತಳದಲ್ಲಿ ನಾಲ್ಕು ಬೆರಳು ನೀರು, ಅದರಲ್ಲಿ ಬೇವಿನ ಎಲೆ. ಬಿಸಿಲು 40 ಡಿಗ್ರಿ ದಾಟಿ ನೀರು ನಿಜವಾಗಿ ಬೇಕಾಗುವ ಹೊತ್ತಿಗೇ ಅರವಟಿಗೆ ಬತ್ತಿರುತ್ತದೆ. ಇಡುವುದು ಒಂದು ದಿನದ ಕೆಲಸ. ನಡೆಸುವುದು ಹತ್ತಿರ ಹತ್ತಿರ ತೊಂಬತ್ತು ದಿನದ ಕೆಲಸ. ನಡೆಸಲು ಆಗದಿದ್ದರೆ ಇಡದಿರುವುದೇ ಒಳ್ಳೆಯದು. ನೀರು ಸಿಗುತ್ತದೆಂದು ನಂಬಿ ಬಂದವನಿಗೆ ಖಾಲಿ ಮಡಕೆ ತೋರಿಸುವುದು, ಏನೂ ಇಲ್ಲದಿರುವುದಕ್ಕಿಂತ ಕೆಟ್ಟದ್ದು.

ಮೊದಲು ಲೆಕ್ಕ

ಬಿಸಿಲಿನಲ್ಲಿ ಬಂದವರು ಒಂದು ಲೋಟಕ್ಕೆ ನಿಲ್ಲಿಸುವುದಿಲ್ಲ. ಎರಡು ಲೋಟ, ಅಂದರೆ ಸುಮಾರು 400 ಮಿಲಿಲೀಟರ್ ಹಿಡಿಯಿರಿ. ದಿನಕ್ಕೆ 300 ಜನ ಬರುವ ಜಾಗವಾದರೆ ಕುಡಿಯಲಿಕ್ಕೇ 120 ಲೀಟರ್. ಆಟೊದವರು, ಬಸ್ಸು ಹತ್ತುವವರು ಬಾಟಲಿ ತುಂಬಿಕೊಳ್ಳುತ್ತಾರೆ, ಲೋಟ ತೊಳೆಯಬೇಕು, ಚೆಲ್ಲುವುದು ಇದ್ದೇ ಇದೆ. ಎಲ್ಲ ಸೇರಿ ದಿನಕ್ಕೆ 200 ಲೀಟರ್, ಅಂದರೆ 20 ಲೀಟರಿನ ಹತ್ತು ಕ್ಯಾನು. ಮಾರ್ಚ್ 15ರಿಂದ ಜೂನ್ 10ರ ತನಕ 88 ದಿನ, 880 ಕ್ಯಾನು. ಈ ಅಂಕಿಗೆ ನಿಮ್ಮೂರಿನ ಕ್ಯಾನಿನ ದರ ಗುಣಿಸಿ, ಗಾಡಿ ಬಾಡಿಗೆ ಸೇರಿಸಿ. ದುಡ್ಡು ಕೂಡಿಸಲು ಹೊರಡುವ ಮೊದಲು ಈ ಮೊತ್ತ ಚೀಟಿಯಲ್ಲಿ ಬರೆದಿರಬೇಕು.

ಇನ್ನೊಂದು ಖರ್ಚನ್ನು ಎಲ್ಲರೂ ಮರೆಯುತ್ತಾರೆ: ನೋಡಿಕೊಳ್ಳುವವರ ಕೂಲಿ. ಬರೀ ಉತ್ಸಾಹದ ಮೇಲೆ ಮೂರು ತಿಂಗಳು ಯಾರೂ ನಿಲ್ಲುವುದಿಲ್ಲ, ಅದರಲ್ಲಿ ತಪ್ಪೂ ಇಲ್ಲ. ಪಕ್ಕದಲ್ಲೇ ಹೂವಿನ ಬುಟ್ಟಿ ಇಟ್ಟುಕೊಂಡ ಅಕ್ಕ, ಪಂಕ್ಚರ್ ಅಂಗಡಿಯವರು, ಹತ್ತಿರದ ಮನೆಯ ವಯಸ್ಸಾದವರು, ಹೀಗೆ ಹೇಗೂ ಅಲ್ಲೇ ಇರುವ ಒಬ್ಬರಿಗೆ ತಿಂಗಳಿಗೆ ಇಷ್ಟು ಅಂತ ಮಾತಾಡಿ ಕೊಡಿ. ಸೇವೆಗೆ ಸಂಬಳವೇ ಅಂತ ಮೂಗು ಮುರಿಯುವವರು ಇರುತ್ತಾರೆ. ಅಂಥವರಿಗೆ ಮಧ್ಯಾಹ್ನ ಎರಡು ಗಂಟೆಯ ಪಾಳಿ ಕೊಟ್ಟು ನೋಡಿ.

ದುಡ್ಡಿನ ಬದಲು ವಸ್ತು ಕೇಳುವುದು ನಮ್ಮ ಕಡೆ ಚೆನ್ನಾಗಿ ನಡೆಯುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಯ ದಾಸೋಹಕ್ಕೆ ಊರೂರಿಂದ ರೊಟ್ಟಿ ಬರುವ ರೂಢಿ ಇದೆಯಲ್ಲ, ಅದೇ ಕ್ರಮ ಇಲ್ಲಿಗೂ ಒಗ್ಗುತ್ತದೆ: ಒಂದು ಓಣಿಗೆ ಒಂದು ವಾರದ ಕ್ಯಾನು, ಒಂದು ಅಂಗಡಿಗೆ ಲೋಟ, ಒಬ್ಬರಿಗೆ ಗಾಡಿ. ಯಾವ ವಾರ ಯಾರದು ಅಂತ ಕ್ಯಾಲೆಂಡರಿನ ಮೇಲೇ ಬರೆದುಬಿಡಿ. ಮೇ ತಿಂಗಳ ಕೊನೆಯ ಎರಡು ವಾರ ಮೊದಲು ತುಂಬಿಸಿ, ಆಮೇಲೆ ಮಾರ್ಚ್. ಮಾರ್ಚಿಗೆ ಕೊಡುವವರು ತಾವಾಗಿಯೇ ಬರುತ್ತಾರೆ.

ಜಾಗ

ಜನ ಕಾಯುವ ಜಾಗ ಹುಡುಕಿ, ಓಡಾಡುವ ಜಾಗಕ್ಕಿಂತ ಅದು ಮುಖ್ಯ. ಬೆಳಿಗ್ಗೆ ಕೂಲಿಯವರು ನಿಲ್ಲುವ ಅಡ್ಡೆ, ಎಪಿಎಂಸಿಯ ಹಮಾಲರ ಸಾಲು, ಸರ್ಕಾರಿ ಆಸ್ಪತ್ರೆಯ ಹೊರಬಾಗಿಲು, ತಹಶೀಲ್ದಾರ್ ಕಚೇರಿಯ ಮುಂದೆ ಅರ್ಜಿ ಬರೆಸುವ ಕಟ್ಟೆ, ಬಳ್ಳಾರಿಯಲ್ಲಾದರೆ ಜೀನ್ಸ್ ಹೊಲಿಯುವ ಘಟಕಗಳ ಓಣಿ, ಗಂಗಾವತಿಯಲ್ಲಿ ಅಕ್ಕಿ ಮಿಲ್ಲುಗಳ ಲಾರಿ ನಿಲ್ಲುವಲ್ಲಿ. ಊರ ನಡುವಿನ ದೊಡ್ಡ ಸರ್ಕಲ್ಲಿನಲ್ಲಿ ಫೋಟೊ ಚೆನ್ನಾಗಿ ಬರುತ್ತದೆ. ಅಲ್ಲಿ ಹೋಟೆಲೂ ಇರುತ್ತವೆ, ನೀರೂ ಸಿಗುತ್ತದೆ.

ಬೇವಿನ ಮರದ ನೆರಳು ಸಿಕ್ಕರೆ ಬೇರೆ ಚಪ್ಪರವೇ ಬೇಡ, ನೀರಿಗೆ ಎಲೆ ಬೀಳದಂತೆ ಮುಚ್ಚಳ ಬಿಗಿ ಇದ್ದರೆ ಸಾಕು. ಮರವಿಲ್ಲದಿದ್ದರೆ ಜಾಲಿ ಕಂಬ ನೆಟ್ಟು ಮೇಲೆ ತೆಂಗಿನ ಗರಿ ಅಥವಾ ಜೋಳದ ದಂಟು ಒಂದು ಗೇಣು ದಪ್ಪ ಹೊದಿಸಿ. ತಗಡು ಬೇಡವೇ ಬೇಡ. ಹನ್ನೊಂದರ ಮೇಲೆ ಅದು ಕಾದು ಕೆಳಗೆ ನಿಂತವರ ನೆತ್ತಿ ಸುಡುತ್ತದೆ, ನೀರೂ ಬಿಸಿಯಾಗುತ್ತದೆ. ಪಶ್ಚಿಮದ ಕಡೆ ಒಂದು ತಟ್ಟಿ ಕಟ್ಟಿ; ಮಧ್ಯಾಹ್ನದ ಓರೆ ಬಿಸಿಲು ಬರುವುದು ಆ ಕಡೆಯಿಂದ. ಉಳಿದ ಮೂರು ಕಡೆ ತೆರೆದಿರಲಿ, ಗಾಳಿ ಆಡಬೇಕು.

ಊರಲ್ಲಿ ಮಹಾನಗರ ಪಾಲಿಕೆ, ನಗರಸಭೆ ಅಥವಾ ಪುರಸಭೆ, ಹಳ್ಳಿಯಲ್ಲಿ ಗ್ರಾಮ ಪಂಚಾಯ್ತಿಗೆ ಒಂದು ಅರ್ಜಿ ಕೊಟ್ಟು ಒಪ್ಪಿಗೆ ಪಡೆಯಿರಿ. ರೈಲ್ವೆ ಸ್ಟೇಷನ್ನಿನೊಳಗಾದರೆ ಸ್ಟೇಷನ್ ಅಧಿಕಾರಿಯ ಅನುಮತಿ ಬೇಕು. ಹೆದ್ದಾರಿಯ ಅಂಚಿಗೆ ಇಟ್ಟರೆ ಲಾರಿಗಳು ಗಕ್ಕನೆ ನಿಂತು ಹಿಂದಿನವರು ಗುದ್ದುತ್ತಾರೆ. ರಸ್ತೆಯಿಂದ ಐವತ್ತು ಹೆಜ್ಜೆ ಆಚೆಗೆ, ಗಾಡಿ ಪಕ್ಕಕ್ಕೆ ಹಾಕಲು ಜಾಗ ಇರುವಲ್ಲಿ ಇಡಿ.

ನೀರು ಎಲ್ಲಿಂದ

ಇದು ಇಡೀ ಕೆಲಸದ ಪ್ರಾಣ. 2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಿದ್ದಾರೆ, ನೂರಾರು ಮಂದಿ ಆಸ್ಪತ್ರೆ ಸೇರಿದ್ದಾರೆ. ನೀವು ಇಡುವ ನೀರನ್ನು ದಿನಕ್ಕೆ ಮುನ್ನೂರು ಜನ ಕುಡಿಯುತ್ತಾರೆ ಅನ್ನುವುದು ತಲೆಯಲ್ಲಿರಲಿ.

ಈ ಮೂರೂ ಜಿಲ್ಲೆಗಳ ಎಷ್ಟೋ ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ, ಹೆಚ್ಚಾದರೆ ಹಲ್ಲು, ಮೂಳೆ ಕೆಡಿಸುವ ಫ್ಲೋರೈಡ್ ಇದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ದಾರಿಯೇ ಇಲ್ಲದಿದ್ದರೆ 1.5ರ ತನಕ. ಇದು ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೂ ತಿಳಿಯುವುದಿಲ್ಲ. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಉಳಿದದ್ದರಲ್ಲಿ ಇನ್ನಷ್ಟು ಗಟ್ಟಿಯಾಗುತ್ತದೆ. ಕ್ಲೋರಿನ್ನಿಗೂ ಬಗ್ಗುವುದಿಲ್ಲ. ಪಂಚಾಯ್ತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇರುತ್ತದೆ. ನೀರಗಂಟಿಯನ್ನು ಕೇಳಿ ಒಂದು ಬಾಟಲಿ ನೀರು ಪರೀಕ್ಷೆ ಮಾಡಿಸಿ, ಆಮೇಲೆ ಮೂಲ ನಿರ್ಧರಿಸಿ. ಹೋಗಿ ಬರುವವರು ಒಂದೆರಡು ಲೋಟ ಕುಡಿದರೆ ಫ್ಲೋರೈಡ್‌ನಿಂದ ಏನೂ ಆಗುವುದಿಲ್ಲ ಎನ್ನಬಹುದು. ಆದರೆ ಹಮಾಲರು ಮೂರು ತಿಂಗಳು ದಿನಾ ನಿಮ್ಮದೇ ನೀರು ಕುಡಿಯುತ್ತಾರೆ.

ಕಾಯಿನ್ ಹಾಕಿದರೆ ನೀರು ಬರುವ ಶುದ್ಧ ಕುಡಿಯುವ ನೀರಿನ ಘಟಕ ಇದ್ದರೆ ಅಲ್ಲಿಂದಲೇ ತನ್ನಿ. ಒಂದು ಎಚ್ಚರಿಕೆ ಮಾತ್ರ: ಆ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಒಂದು ಕೊಳಕು ಕೈ ಅದ್ದಿದರೂ ರೋಗಾಣು ತಡೆಯಿಲ್ಲದೆ ಬೆಳೆಯುತ್ತವೆ. ಶುದ್ಧ ನೀರು ಅಂತ ಎರಡು ದಿನ ಇಟ್ಟುಕೊಂಡು ಕೂರಬಾರದು, ಅಂದಂದಿನದು ಅಂದೇ ಖರ್ಚಾಗಬೇಕು.

ನಲ್ಲಿ ನೀರು ಅಥವಾ ಕೆರೆ ನೀರೇ ಗತಿ ಅನ್ನುವ ಹಳ್ಳಿಗಳೂ ಇವೆ. ತುಂಗಭದ್ರಾ ಕಾಲುವೆಗೆ ನೀರು ಬಿಡುವುದು ನಿಂತ ಮೇಲೆ, ಕುಡಿಯುವ ನೀರಿಗೆಂದು ತುಂಬಿಸಿಟ್ಟ ಕೆರೆಗಳು ಮೇ ಹೊತ್ತಿಗೆ ತಳ ಕಾಣುತ್ತವೆ, ನೀರು ಹಸಿರಾಗುತ್ತದೆ. ಅಂಥ ನೀರನ್ನು ಮೊದಲು ನಾಲ್ಕು ಮಡಿಕೆಯ ಒಗೆದ ಬಿಳಿ ಬಟ್ಟೆಯಲ್ಲಿ ಸೋಸಿ ಡ್ರಮ್ಮಿಗೆ ಹಾಕಿ. ಆಮೇಲೆ ಕ್ಲೋರಿನ್ ಮಾತ್ರೆ. ಎಷ್ಟು ಲೀಟರಿಗೆ ಒಂದು ಮಾತ್ರೆ ಅಂತ ಪಟ್ಟಿಯ ಮೇಲೇ ಬರೆದಿರುತ್ತದೆ. ಕಂಪನಿಯಿಂದ ಕಂಪನಿಗೆ ಬೇರೆ, ಅಂದಾಜಿಗೆ ಹಾಕಬೇಡಿ. ಹಾಕಿ ಕಲಕಿ, ಅರ್ಧ ಗಂಟೆ ಬಿಟ್ಟು ಕುಡಿಯಲು ಕೊಡಿ. ಕದಡಿದ ನೀರಿಗೆ ನೇರವಾಗಿ ಹಾಕಿದರೆ ಕ್ಲೋರಿನ್ನೆಲ್ಲ ಆ ಕಸಕ್ಕೇ ಖರ್ಚಾಗುತ್ತದೆ. ಮಣ್ಣಿನ ಮಡಕೆಯೊಳಗೂ ಹಾಕಬೇಡಿ, ಮಡಕೆಯ ಗೋಡೆಯಲ್ಲೂ ಅದು ಬೇಗ ಸತ್ತುಹೋಗುತ್ತದೆ. ಡ್ರಮ್ಮಿನಲ್ಲಿ ಶುದ್ಧಿ ಮಾಡಿ, ನಂತರ ಮಡಕೆಗೆ ತುಂಬುವುದು ಸರಿಯಾದ ಕ್ರಮ. ಟ್ಯಾಂಕರ್ ನೀರಾದರೆ ಯಾವ ಬೋರಿನದು ಅಂತ ಕೇಳಿ. ಹೇಳಲು ತಡವರಿಸಿದರೆ ಬೇಡ.

ಹರವಿ, ನಲ್ಲಿ, ಲೋಟ

ನಮ್ಮ ಭಾಗದ ಒಣ ಗಾಳಿಗೆ ಮಣ್ಣಿನ ಹರವಿಯಂಥ ಫ್ರಿಜ್ಜು ಇನ್ನೊಂದಿಲ್ಲ. ನೀರು ಗೋಡೆಯ ಸಣ್ಣ ರಂಧ್ರಗಳಿಂದ ಒಸರಿ ಹೊರಮೈಯಲ್ಲಿ ಆರುತ್ತದೆ, ಆರುವಾಗ ಶಾಖ ಎಳೆದುಕೊಂಡು ಹೋಗುತ್ತದೆ. ಹಾಗಾಗಿ ಹೊರಮೈ ಬೆವರುತ್ತಿರಬೇಕು, ಅದಕ್ಕೆ ಗಾಳಿ ತಾಗುತ್ತಿರಬೇಕು. ಚಂದ ಕಾಣಲೆಂದು ಪೇಂಟ್ ಹಚ್ಚಿದ ಮಡಕೆ ಬೆವರುವುದಿಲ್ಲ, ಪ್ಲಾಸ್ಟಿಕ್ ಹಾಳೆ ಸುತ್ತಿದ್ದೂ ಅಷ್ಟೇ. ಗೋಣಿಚೀಲ ಸುತ್ತಿ ಆಗಾಗ ನೀರು ಚಿಮುಕಿಸಿದರೆ ತಂಪು ಹೆಚ್ಚುತ್ತದೆ. ಒಣಗಲು ಬಿಟ್ಟರೆ ಅದೇ ಗೋಣಿ ಗಾಳಿಗೆ ಅಡ್ಡ.

20 ರಿಂದ 25 ಲೀಟರಿನ ಆರು ಹರವಿ ತನ್ನಿ. ಕೊಳ್ಳುವಾಗ ಬೆರಳ ಗೆಣ್ಣಿನಿಂದ ಬಡಿದು ನೋಡಿ: ಠಣ್ ಅಂದರೆ ಚೆನ್ನಾಗಿ ಬೆಂದಿದೆ, ಬೋದು ಸದ್ದು ಬಂದರೆ ಎಲ್ಲೋ ಬಿರುಕಿದೆ. ಹೊಸದನ್ನು ಒಂದು ರಾತ್ರಿ ಪೂರ್ತಿ ನೀರಲ್ಲಿ ಮುಳುಗಿಸಿಡಿ, ಮೊದಲ ಎರಡು ಸಲದ ನೀರು ಚೆಲ್ಲಿಬಿಡಿ. ಹಲಗೆಯ ಮೇಲೆ ನೇರ ಇಡದೆ ಮರಳಿನ ಹಾಸು ಮಾಡಿ ಅದರ ಮೇಲೆ ಕೂರಿಸಿದರೆ ಅಲುಗಾಡುವುದಿಲ್ಲ, ಮರಳು ಒದ್ದೆಯಾಗಿ ತಳವೂ ತಂಪಿರುತ್ತದೆ. ಎತ್ತರ ಮೂರಡಿ ಇರಲಿ. ನಾಯಿ ಬಾಯಿ ಹಾಕುವುದಿಲ್ಲ, ಮಕ್ಕಳಿಗೂ ಎಟಕುತ್ತದೆ. ಆನೆಗೊಂದಿ ಕಡೆಯವರು ಮುಚ್ಚಳಕ್ಕೆ ಹಗ್ಗ ಕಟ್ಟಲೇಬೇಕು, ಕೋತಿಗಳ ಕಾಟ.

ಮೂರು ಹರವಿ ಬಳಕೆಯಲ್ಲಿದ್ದರೆ ಮೂರು ಬಿಸಿಲಿಗೆ ಬೋರಲು. ದಿನ ಬಿಟ್ಟು ದಿನ ಅದಲುಬದಲು. ತೊಳೆಯಲು ತೆಂಗಿನ ನಾರು, ನೀರು ಅಷ್ಟೇ. ಸೋಪು, ಸಬೀನಾ ಹಾಕಿದರೆ ವಾಸನೆ ಮಣ್ಣಿಗೆ ಇಳಿದು ವಾರವಾದರೂ ಹೋಗುವುದಿಲ್ಲ. ಗಡಸು ನೀರು ತುಂಬುವ ಊರಲ್ಲಿ ಇಪ್ಪತ್ತು ದಿನಕ್ಕೇ ಹೊರಗೆ ಬಿಳಿ ಉಪ್ಪು ಕಟ್ಟುತ್ತದೆ. ರಂಧ್ರ ಮುಚ್ಚಿ ನೀರು ತಣ್ಣಗಾಗುವುದು ನಿಲ್ಲುತ್ತದೆ. ನಾರಿನಿಂದ ಹೊರಮೈಯನ್ನೂ ಉಜ್ಜಿ. ಉಜ್ಜಿದರೂ ಬೆವರದಿದ್ದರೆ ಆ ಹರವಿಯ ಆಯುಸ್ಸು ಮುಗಿಯಿತು.

ನಲ್ಲಿ ಕೂರಿಸಿದ ಹರವಿಯೇ ಎಲ್ಲಕ್ಕಿಂತ ಒಳ್ಳೆಯದು. ಒಳಗೆ ಕೈ ಹೋಗುವುದಿಲ್ಲ. ನಲ್ಲಿಯ ಬುಡದಲ್ಲಿ ಸೋರಿದರೆ ಹೆಚ್ಚಾಗಿ ವಾಷರ್ ಸವೆದಿರುತ್ತದೆ. ಎರಡು ವಾಷರ್ ಹೆಚ್ಚಿಗೆ ತಂದಿಟ್ಟುಕೊಳ್ಳಿ, ನಟ್ಟನ್ನು ಕೈಯಿಂದ ಮಾತ್ರ ಬಿಗಿಯಿರಿ. ಪಾನಾ ಹಾಕಿದರೆ ಮಣ್ಣು ಒಡೆಯುತ್ತದೆ. ನಲ್ಲಿ ಇಲ್ಲದ್ದಾದರೆ ಒಂದು ಮೊಳ ಉದ್ದ ಹಿಡಿಕೆಯ ಸ್ಟೀಲ್ ಸೌಟು, ಅದನ್ನು ತೂಗುಹಾಕಲು ಒಂದು ಮೊಳೆ. ಸೌಟನ್ನು ಮುಚ್ಚಳದ ಮೇಲೆ ಇಟ್ಟರೆ ಅರ್ಧ ಗಂಟೆಯಲ್ಲಿ ಅದರ ತುಂಬ ಧೂಳು.

ಲೋಟ ಸ್ಟೀಲಿನದು ಇರಲಿ, ಹನ್ನೆರಡು ಸಾಕು. ಸರಪಳಿ ಕಟ್ಟುವುದು ನೋಡಲು ಚೆನ್ನಾಗಿಲ್ಲ, ಸರಿಯಾಗಿ ತೊಳೆಯಲೂ ಆಗುವುದಿಲ್ಲ. ಎರಡು ಮೂರು ಕಳುವಾದರೆ ಆಗಲಿ, ಮತ್ತೆ ತನ್ನಿ. ಕಾಗದದ ಲೋಟ, ಪ್ಲಾಸ್ಟಿಕ್ ಪೊಟ್ಟಣ ಬೇಡ: ಸಂಜೆಗೆ ಚರಂಡಿ ಕಟ್ಟುತ್ತದೆ, ದನ ತಿನ್ನುತ್ತವೆ.

ಹಮಾಲರು ನೀರಿಗೆ ಬರುವುದನ್ನು ಗಮನಿಸಿ. ಮೊದಲ ಲೋಟ ಬಾಯಿಗೆ ಹೋಗುವುದಿಲ್ಲ. ಮುಖಕ್ಕೆ, ನೆತ್ತಿಗೆ, ಕತ್ತಿನ ಹಿಂದೆ ಸುರಿದುಕೊಳ್ಳುತ್ತಾರೆ. ಮೆಣಸಿನಕಾಯಿ ಚೀಲ ಹೊತ್ತವರಾದರೆ ಕೈ ಉರಿ ತಣಿಸಿಕೊಳ್ಳುತ್ತಾರೆ. ಹಾಗೆ ಮಾಡಬೇಡಿ ಅಂತ ಬೋರ್ಡು ಹಾಕುವ ಬದಲು, ಪಕ್ಕದಲ್ಲಿ ಒಂದು ಡ್ರಮ್ಮು ಸಾದಾ ಬೋರಿನ ನೀರು, ಒಂದು ಮಗ್ಗು ಇಡಿ. ಕುಡಿಯುವ ನೀರು ಉಳಿಯುತ್ತದೆ, ಮೈಗೂ ಹಿತ. ಚೆಲ್ಲಿದ ನೀರು ಹರಿದು ಒಂದು ಗಿಡದ ಬುಡಕ್ಕೆ ಹೋಗುವಂತೆ ಕಾಲುವೆ ಗೀರಿ. ಕೆಸರಾದರೆ ಹೆಂಗಸರು, ಮುದುಕರು ಹತ್ತಿರ ಬರುವುದಿಲ್ಲ.

ಒಂದೇ ಲೋಟ

ಮುಚ್ಚುಮರೆ ಇಲ್ಲದೆ ಹೇಳಬೇಕಾದ ಮಾತು ಇದು. ನೀರು ಕೊಡುವವರು ಜಾತಿ ನೋಡಿ ಕೆಲವರಿಗೆ ಲೋಟ ಕೊಟ್ಟು, ಕೆಲವರಿಗೆ ಎತ್ತರದಿಂದ ಬೊಗಸೆಗೆ ಸುರಿಯುವುದು ನಮ್ಮ ಭಾಗದಲ್ಲಿ ಇನ್ನೂ ಸತ್ತಿಲ್ಲ. ಹಳ್ಳಿ ಹೋಟೆಲಿನ ಎರಡು ಲೋಟದ ಪದ್ಧತಿ ಅರವಟಿಗೆಗೂ ಸದ್ದಿಲ್ಲದೆ ಬಂದು ಕೂರುತ್ತದೆ. ಇದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಲ್ಲೂ 1989ರ ದೌರ್ಜನ್ಯ ತಡೆ ಕಾಯ್ದೆಯಲ್ಲೂ ಅಪರಾಧ. ನಲ್ಲಿಯ ಹರವಿ ಇಟ್ಟು, ಎಲ್ಲರೂ ತಾವೇ ಹಿಡಿದುಕೊಳ್ಳುವಂತೆ ಮಾಡಿದರೆ ಅರ್ಧ ಸಮಸ್ಯೆ ಹುಟ್ಟುವುದೇ ಇಲ್ಲ. ಬೊಗಸೆಯೇ ನಿಮ್ಮ ಪದ್ಧತಿಯಾದರೆ ಎಲ್ಲರಿಗೂ ಬೊಗಸೆ, ಊರಗೌಡರಿಗೂ. ನೋಡಿಕೊಳ್ಳುವವರನ್ನು ಗೊತ್ತು ಮಾಡುವ ದಿನವೇ ಇದನ್ನು ಬಾಯಿಬಿಟ್ಟು ಹೇಳಿ. "ಅವರೇ ದೂರ ನಿಲ್ತಾರ್ರೀ, ನಾವೇನು ಮಾಡೋದು" ಅಂದರೆ ಒಪ್ಪಬೇಡಿ. ದೂರ ನಿಂತವರನ್ನು "ಬರ್ರೀ ಕಾಕಾ, ಲೋಟ ತಗೋರಿ" ಅಂತ ಕರೆಯುವುದು ನೋಡಿಕೊಳ್ಳುವವರ ಕೆಲಸದಲ್ಲೇ ಸೇರಿದೆ.

ಹೆಂಗಸರು ನೀರು ಕುಡಿಯದೆ ಹೋಗುವುದಕ್ಕೆ ಇನ್ನೊಂದು ಕಾರಣ ಉಂಟು. ಕುಡಿದರೆ ಹೋಗುವುದೆಲ್ಲಿಗೆ? ಹತ್ತಿರದ ಶೌಚಾಲಯ ಎಲ್ಲಿದೆ ಅಂತ ಬಾಣ ಹಾಕಿ ಬರೆದಿಡಿ, ಅದು ಬೀಗ ಬಿದ್ದಿಲ್ಲ ಅಂತ ದಿನಾ ಒಮ್ಮೆ ನೋಡಿ. ಈ ಒಂದು ಹಲಗೆಯ ಉಪಕಾರ ಬ್ಯಾನರಿಗಿಂತ ಹೆಚ್ಚಿನದು.

ಬಸ್ಸು ಒಂದೆರಡು ನಿಮಿಷ ನಿಲ್ಲುವ ಕಡೆ ಮುದುಕರು ಇಳಿಯಲು ಅಂಜುತ್ತಾರೆ. ಕೊಕ್ಕಿರುವ ಕೆಟಲಿನಲ್ಲಿ ನೀರು ಹಿಡಿದು ಕಿಟಕಿಯ ಹತ್ತಿರ ಹೋಗಿ ಅವರ ಬಾಟಲಿಗೇ ಹಾಕಿ. ಉಪವಾಸ ಇದ್ದವರು ಬೇಡವೆಂದರೆ ಒತ್ತಾಯ ಬೇಡ.

ಮಜ್ಜಿಗೆ ಕೊಡುವ ದಿನ

ವಾರಕ್ಕೊಮ್ಮೆ ಕೊಟ್ಟರೆ ಸಾಕು; ದಿನಾ ಅಂತ ಶುರುಮಾಡಿ ನಿಲ್ಲಿಸುವುದಕ್ಕಿಂತ ಸಂತೆಯ ದಿನ ಮಾತ್ರ ಕೊಡುವುದು ಲೇಸು. 200 ಲೋಟಕ್ಕೆ, ಲೋಟಕ್ಕೆ 200 ಮಿಲಿಲೀಟರಿನಂತೆ, 8 ಲೀಟರ್ ಮೊಸರು, 32 ಲೀಟರ್ ನೀರು, 120 ಗ್ರಾಂ ಉಪ್ಪು. ಜೀರಿಗೆ ಹುರಿದು ಪುಡಿ ಮಾಡಿದ್ದು ಒಂದು ಹಿಡಿ, ಶುಂಠಿ, ಕರಿಬೇವು, ಕೊತ್ತಂಬರಿ. ಹಸಿಮೆಣಸಿನಕಾಯಿ ಕಡಿಮೆ ಹಾಕಿ. ನಮ್ಮ ಕಡೆಯ ಕೈ ಖಾರಕ್ಕೆ ಸ್ವಲ್ಪ ಉದಾರ. ಹನ್ನೊಂದಕ್ಕೆ ಕಡೆದು ಎರಡರೊಳಗೆ ಮುಗಿಸಿ, ಆಮೇಲೆ ಹುಳಿ ಏರಿ ಹೊಟ್ಟೆ ಕೆಡಿಸುತ್ತದೆ. ಮಾರುಕಟ್ಟೆಯ ಐಸ್ ಗಡ್ಡೆ ಎಲ್ಲ ಕುಡಿಯುವ ನೀರಿನಿಂದ ಮಾಡಿದ್ದಲ್ಲ. ಅದನ್ನು ಪಾತ್ರೆಯ ಸುತ್ತ ಇಡಿ, ಒಳಗೆ ಹಾಕಬೇಡಿ. ಬಿಪಿ ಇದ್ದವರು ಉಪ್ಪಿನ ಮಜ್ಜಿಗೆ, ಸಕ್ಕರೆ ಕಾಯಿಲೆ ಇದ್ದವರು ಬೆಲ್ಲದ ಪಾನಕ ಬೇಡ ಅನ್ನುತ್ತಾರೆ. ಪಕ್ಕದಲ್ಲಿ ಸಾದಾ ನೀರು ಇದ್ದೇ ಇರಲಿ.

ಬಿಸಿಲು ಬಡಿದವರು ಬಂದರೆ

ಬರುತ್ತಾರೆ. ಅರವಟಿಗೆ ಅಂದರೆ ತಲೆ ಸುತ್ತಿದವರು ಹುಡುಕಿಕೊಂಡು ಬರುವ ಜಾಗ. ಹತ್ತು ಓಆರ್‌ಎಸ್ ಪೊಟ್ಟಣ, ಒಂದು ಚಾಪೆ, ನಾಲ್ಕು ಟವೆಲ್, ಒಂದು ಬೀಸಣಿಗೆ ಇಟ್ಟಿರಿ.

ಬೆವರು ಸುರಿಯುತ್ತ, ತಲೆನೋವು, ವಾಕರಿಕೆ, ಮೀನಖಂಡ ಸೆಳೆತ ಅನ್ನುವವರನ್ನು ನೆರಳಲ್ಲಿ ಮಲಗಿಸಿ ಕಾಲು ಸ್ವಲ್ಪ ಮೇಲಿಡಿ. ಓಆರ್‌ಎಸ್ ಪೊಟ್ಟಣದ ಮೇಲೆ ಎಷ್ಟು ನೀರಿಗೆ ಅಂತ ಓದಿ: ದೊಡ್ಡದು ಒಂದು ಲೀಟರಿಗೆ, ಸಣ್ಣದು 200 ಮಿಲಿಲೀಟರಿಗೆ. ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಕಲಸಿ ಕುಡಿಸಿದರೆ ಉಪ್ಪು ಮಿತಿ ಮೀರಿ ಹಾನಿ. ಪೊಟ್ಟಣ ಮುಗಿದಿದ್ದರೆ ಒಂದು ಲೀಟರ್ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಗಟಗಟ ಕುಡಿದರೆ ವಾಂತಿಯಾಗುತ್ತದೆ, ಗುಟುಕು ಗುಟುಕಾಗಿ ಕುಡಿಸಿ.

ಮಾತು ತೊದಲಿದರೆ, ಎಲ್ಲಿದ್ದೇನೆ ಅನ್ನುವುದೇ ತಿಳಿಯದಿದ್ದರೆ, ಪ್ರಜ್ಞೆ ತಪ್ಪಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಉಷ್ಣಾಘಾತ. ಬೆವರು ಇದ್ದರೂ ಇರಬಹುದು, ನಿಂತಿರಲೂಬಹುದು. ಒಬ್ಬರು 108ಕ್ಕೆ ಫೋನು ಹಚ್ಚಿ, ಇನ್ನೊಬ್ಬರು ಆ ಕ್ಷಣವೇ ತಂಪು ಮಾಡಲು ಶುರುಮಾಡಿ: ಬಟ್ಟೆ ಸಡಿಲಿಸಿ, ಮೈ ತುಂಬ ನೀರು ಸುರಿದು ಜೋರಾಗಿ ಗಾಳಿ ಬೀಸಿ, ಕುತ್ತಿಗೆ, ಕಂಕುಳು, ತೊಡೆಸಂದಿಗೆ ಒದ್ದೆ ಟವೆಲಲ್ಲಿ ಸುತ್ತಿದ ಐಸ್ ಇಡಿ. ಆಂಬುಲೆನ್ಸ್ ಬರುವ ತನಕ ನಿಲ್ಲಿಸಬೇಡಿ. ಬಾಯಿಗೆ ನೀರು ಹಾಕಬೇಡಿ, ಶ್ವಾಸಕ್ಕೆ ಹೋಗುತ್ತದೆ. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ. ಈರುಳ್ಳಿ ಮೂಸಿಸುತ್ತ ಸುತ್ತ ಗುಂಪು ಕಟ್ಟುವುದರಿಂದ ಇರುವ ಗಾಳಿಯೂ ಹೋಗುತ್ತದೆ.

ದನ, ಕುರಿ, ಹಕ್ಕಿ

ಬೇಸಿಗೆಯಲ್ಲಿ ಒಂದು ಎತ್ತಿಗೆ ದಿನಕ್ಕೆ 40ರಿಂದ 60 ಲೀಟರ್ ನೀರು ಬೇಕು, ಕುರಿಗೆ ನಾಲ್ಕೈದು. ಇನ್ನೂರು ಕುರಿಯ ಮಂದೆ ಬಂದರೆ ಸಾವಿರ ಲೀಟರ್. ಹಾಗಾಗಿ ಇದು ಅರವಟಿಗೆಯ ಕ್ಯಾನಿನಲ್ಲಿ ಮುಗಿಯುವ ಮಾತಲ್ಲ. ಪಂಚಾಯ್ತಿಯ ಹಳೆಯ ತೊಟ್ಟಿ ಹುಡುಕಿ, ತೊಳೆದು ರಿಪೇರಿ ಮಾಡಿಸಿ ನಲ್ಲಿ ಎಳೆಸಿ. ಒಳಗೆ ಹದಿನೈದು ದಿನಕ್ಕೊಮ್ಮೆ ಸುಣ್ಣ ಬಳಿದರೆ ಪಾಚಿ ಕಟ್ಟುವುದಿಲ್ಲ.

ಹಕ್ಕಿಗೆ ಅಗಲ ಮಣ್ಣಿನ ತಟ್ಟೆ, ಎರಡು ಇಂಚಿಗಿಂತ ಹೆಚ್ಚು ನೀರು ಬೇಡ. ನಡುವೆ ಒಂದೆರಡು ಕಲ್ಲು ಇಟ್ಟರೆ ಜೇನ್ನೊಣ, ಮರಿಹಕ್ಕಿ ಮುಳುಗುವುದಿಲ್ಲ. ನೆರಳಲ್ಲಿ, ಬೆಕ್ಕಿಗೆ ಎಟಕದ ಎತ್ತರದಲ್ಲಿ ಇಡಿ. ದಿನಾ ಚೆಲ್ಲಿ ತುಂಬಿ. ವಾರ ಬಿಟ್ಟರೆ ಡೆಂಗಿ ಸೊಳ್ಳೆಯ ಮರಿ ಹೊರಬೀಳುತ್ತವೆ.

ಮುಚ್ಚುವಾಗ

ಎರಡು ಹದ ಮಳೆ ಬಿದ್ದ ಮೇಲೆ ಮುಚ್ಚಿ, ಒಂದು ಮಳೆಗೆ ಅವಸರ ಬೇಡ. ಮೊದಲ ಮಳೆಯ ಮರುದಿನದ ಧಗೆ ಇನ್ನೂ ಕೆಟ್ಟದ್ದು. ಖರ್ಚಿನ ಪಟ್ಟಿ ಅದೇ ಕಂಬಕ್ಕೆ ಅಂಟಿಸಿ: ಎಷ್ಟು ಬಂತು, ಎಷ್ಟು ಕ್ಯಾನು, ಎಷ್ಟು ಕೂಲಿ. ಮುಂದಿನ ವರ್ಷ ಕೇಳದೆಯೂ ಕೊಡುವವರು ಹುಟ್ಟುವುದು ಆ ಕಾಗದದಿಂದ. ಬೆವರುವ ಹರವಿಗಳನ್ನು ಉಜ್ಜಿ, ಎರಡು ದಿನ ಬಿಸಿಲಿಗಿಟ್ಟು, ಹುಲ್ಲಿನ ಮೇಲೆ ಬೋರಲು ಮಾಡಿ ಇಡಿ. ಉಪ್ಪು ಕಟ್ಟಿದವನ್ನು ಅರ್ಧಕ್ಕೆ ಕೊಯ್ದರೆ ಹಕ್ಕಿ ತಟ್ಟೆಯಾಗುತ್ತವೆ. ಹೊಸದು ಬೇಕಿದ್ದರೆ ಕುಂಬಾರರಿಗೆ ಸಂಕ್ರಾಂತಿ ಹೊತ್ತಿಗೇ ಹೇಳಿ, ನಲ್ಲಿಗೆ ತೂತು ಹಸಿಯಿದ್ದಾಗಲೇ ಬಿಡಿಸಿಕೊಳ್ಳಿ. ಸುಟ್ಟ ಮೇಲೆ ಕೊರೆದದ್ದು ಹೆಚ್ಚು ದಿನ ಬಾಳುವುದಿಲ್ಲ.